ಭಾನುವಾರದ ಹಾಜರಿ

ಒಂದು ಊರಿನ ಜನಸಂಖ್ಯೆ ಎಷ್ಟೆಂಬ ಪ್ರಶ್ನೆಗೆ ಜನಗಣತಿ ಇಲಾಖೆಯ ಬಳಿ ಒಂದೇ ಉತ್ತರವಿರುತ್ತದೆ. ಬಂಟ್ವಾಳ ತಾಲ್ಲೂಕಿನ ನಮ್ಮ ವಾಮದಪದವಿನಲ್ಲಿ ಎರಡು ಉತ್ತರಗಳಿವೆ. ಒಂದು ಬುಧವಾರದ್ದು, ಇನ್ನೊಂದು ಭಾನುವಾರದ್ದು. ಬುಧವಾರ ಬೆಳಿಗ್ಗೆ ಪೇಟೆಯಲ್ಲಿ ನಿಂತರೆ ಪ್ರಥಮ ದರ್ಜೆ ಕಾಲೇಜಿಗೆ ಹೋಗುವ ಮಕ್ಕಳು, ಸಮುದಾಯ ಆರೋಗ್ಯ ಕೇಂದ್ರದ ಹಾದಿ ಹಿಡಿದ ಹಿರಿಯರು, ಬಾಡಿಗೆಗೆ ಕಾಯುವ ಆಟೋರಿಕ್ಷಾಗಳು ಮತ್ತು ನನ್ನಂತಹ ಪಿಂಚಣಿದಾರರು ಕಾಣುತ್ತಾರೆ. ಭಾನುವಾರ ಅದೇ ಜಾಗದಲ್ಲಿ ನಿಲ್ಲಲು ಸ್ಥಳವಿರುವುದಿಲ್ಲ. ಬೆಂಗಳೂರು ನೋಂದಣಿಯ ಕಾರುಗಳು ರಸ್ತೆಯ ಎರಡೂ ಬದಿಯನ್ನು ಆಕ್ರಮಿಸಿರುತ್ತವೆ. ರೇಷ್ಮೆ ಸೀರೆ, ಬಿಳಿ ಪಂಚೆ, ಮಲ್ಲಿಗೆಯ ಚೆಂಡು, ನಿದ್ದೆಗಣ್ಣು ಇಷ್ಟನ್ನೂ ಒಟ್ಟಿಗೆ ಧರಿಸಿದ ಜನ ಯಾವುದೋ ಸಭಾಭವನದ ದಾರಿಯನ್ನು ವಿಚಾರಿಸುತ್ತಿರುತ್ತಾರೆ. ಊರಿನಲ್ಲೇ ಹುಟ್ಟಿದವರು ಊರಿನ ದಾರಿಯನ್ನು ಮೊಬೈಲ್ ಫೋನಿನ ನಕ್ಷೆಗೆ ಕೇಳುವ ದೃಶ್ಯವೂ ಆ ದಿನ ಅಪರೂಪವಲ್ಲ.

2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20,89,649. ಸಾವಿರ ಪುರುಷರಿಗೆ 1,020 ಮಹಿಳೆಯರು. ಅದೇ ವರ್ಷ ಇಡೀ ರಾಜ್ಯದ ಸರಾಸರಿ 973. ಈ ವ್ಯತ್ಯಾಸವನ್ನು ಕಂಡು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸ್ಥಾನಮಾನದ ಬಗ್ಗೆ ಹೆಮ್ಮೆಪಡುವವರಿದ್ದಾರೆ. ಹೆಮ್ಮೆಪಡಲು ಕಾರಣಗಳೂ ಇವೆ. ಆದರೆ ಅರ್ಥಶಾಸ್ತ್ರ ಓದಿದವನಿಗೆ ಇನ್ನೊಂದು ಕಾರಣವೂ ಕಾಣುತ್ತದೆ. ಗಂಡಸರು ದುಡಿಮೆಗಾಗಿ ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿರುವ ಪ್ರದೇಶದಲ್ಲಿ ಲೆಕ್ಕ ಹೀಗೆಯೇ ಬರುವುದು. ಗಣತಿಯವರು ಎರಡನೇ ಶನಿವಾರದ ರಾತ್ರಿ ಮನೆಮನೆಗೆ ಬಂದಿದ್ದರೆ ಅನುಪಾತ ಸಾಕಷ್ಟು ಸರಿಹೋಗುತ್ತಿತ್ತೇನೋ.

ನಮ್ಮ ಹಿರಿಯರಿಗೆ ಭಾನುವಾರವೆಂಬ ಪ್ರತ್ಯೇಕ ದಿನವಿರಲಿಲ್ಲ. ಅವರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ನೀರು ನಿಲ್ಲುವ ಬೈಲಿಗೆ ಮೂರು ಬೆಳೆ, ಮಜಲಿಗೆ ಎರಡು, ಬೆಟ್ಟಿಗೆ ಒಂದು. ವರ್ಷವನ್ನು ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಯ ಹೆಸರಿನಲ್ಲಿ ಅಳೆದಿದ್ದರು. ಮೂರಕ್ಕೂ ಸಲ್ಲದೆ ಮೇಲೆ ಉಳಿದ ಮುರಕಲ್ಲಿನ ಬಯಲಿಗೆ ಪದವು ಎಂದು ಹೆಸರಿಟ್ಟರು. ಬೆಳೆ ಬೆಳೆಯದ ಪದವಿನಲ್ಲಿ ಕಾಲಕ್ರಮದಲ್ಲಿ ಶಾಲೆ, ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣ ಬೆಳೆದವು. ಆ ಬಸ್ ನಿಲ್ದಾಣದಿಂದಲೇ ಮಕ್ಕಳು ಊರು ಬಿಟ್ಟು ಹೋದರು. ಹೋದವರ ಹಾದಿಯಲ್ಲಿ ಈ ಲೇಖಕನೂ ಇದ್ದ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಕಡತಗಳ ಮಧ್ಯೆ ಕಳೆದು, ನಿವೃತ್ತಿಯ ನಂತರ ಮನೆಗೆ ಮರಳಿ, ಈಗ ಶನಿವಾರ ಬರುವವರನ್ನು ಸ್ವಾಗತಿಸಿ ಭಾನುವಾರ ಬೀಳ್ಕೊಡುವ ಕೆಲಸದಲ್ಲಿದ್ದೇನೆ.

ವಾರದ ರಜೆ ಆಕಾಶದಿಂದ ಬಿದ್ದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ಬಿಡುವು ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ವರ್ಷಗಳ ಹೋರಾಟದ ಫಲವಾಗಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನಗಳ ವಾರ ಬಂದದ್ದು 1985ರಲ್ಲಿ. ಬ್ಯಾಂಕುಗಳು 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬಾಗಿಲು ಮುಚ್ಚತೊಡಗಿದವು. ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗಂತೂ ಎರಡು ದಿನಗಳ ಬಿಡುವು ಹುಟ್ಟಿನಿಂದಲೇ ಇತ್ತು. ಇನ್ನೂ ಸ್ವಾರಸ್ಯದ ಬದಲಾವಣೆ ಕಡಲಾಚೆಯದು. ಕೊಲ್ಲಿಯಲ್ಲಿರುವ ನಮ್ಮ ಮಕ್ಕಳು ಶುಕ್ರವಾರ ಮನೆಗೆ ಫೋನ್ ಮಾಡುವುದು ದಶಕಗಳ ರೂಢಿ. 2022ರ ಜನವರಿಯಿಂದ ಸಂಯುಕ್ತ ಅರಬ್ ಸಂಸ್ಥಾನ ತನ್ನ ಸರ್ಕಾರಿ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿತು. ಅಲ್ಲಿಂದೀಚೆಗೆ ನಮ್ಮ ನೆರೆಮನೆಯ ಅಜ್ಜಿಗೆ ಭಾನುವಾರ ಬೆಳಗಿನ ಹೊತ್ತು ದುಬೈ, ಬೆಂಗಳೂರು, ಪುಣೆ ಮೂರೂ ಒಟ್ಟಿಗೆ ಬರುತ್ತವೆ. ಶುಕ್ರವಾರ ಯಾವುದೂ ಇಲ್ಲ. "ಎಲ್ಲ ಒಂದೇ ದಿನ ಸುರಿದರೆ ಹೇಗೆ? ಮಳೆಯಾದರೂ ಹಂಚಿ ಬರುತ್ತದೆ" ಎಂಬುದು ಅವರ ಆಕ್ಷೇಪ.

ಹಿಂದೆ ಊರಿಗೆ ಬರುವುದೆಂದರೆ ಒಂದು ಯೋಜನೆ. ಬೆಂಗಳೂರು ಮತ್ತು ಮಂಗಳೂರುಗಳ ನಡುವೆ ಮೀಟರ್ ಗೇಜ್ ರೈಲು 1996ರಲ್ಲಿ ನಿಂತು, ಹಳಿ ಅಗಲವಾಗಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ನಡುವಿನ ವರ್ಷಗಳಲ್ಲಿ ಶಿರಾಡಿ ಘಾಟಿಯ ಹೊಂಡಗಳನ್ನು ಎಣಿಸುತ್ತಾ ಬಂದವರು ಎಂಟು ದಿನವಾದರೂ ನಿಲ್ಲುತ್ತಿದ್ದರು. ಮತ್ತೆ ಅದೇ ಹೊಂಡಗಳನ್ನು ಎದುರಿಸುವ ಧೈರ್ಯ ಕೂಡಿಸಿಕೊಳ್ಳಲು ಅಷ್ಟು ಸಮಯ ಬೇಕಾಗುತ್ತಿತ್ತು. ಈಗ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಇಳಿದು, ಭಾನುವಾರ ರಾತ್ರಿ ಮರಳಿ ಹತ್ತಿ, ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂರಬಹುದು. ರಸ್ತೆ ಸುಧಾರಿಸಿದಷ್ಟೂ ಬರುವುದು ಹೆಚ್ಚಾಯಿತು. ಬಂದವರು ನಿಲ್ಲುವುದು ಕಡಿಮೆಯಾಯಿತು. ಲೋಕೋಪಯೋಗಿ ಇಲಾಖೆ ಇದನ್ನು ಉದ್ದೇಶಿಸಿರಲಿಲ್ಲವೆಂದು ನಂಬುತ್ತೇನೆ.

ಬಂದವರನ್ನು ಊರು ಎರಡು ಪ್ರಶ್ನೆಗಳಿಂದ ಎದುರುಗೊಳ್ಳುತ್ತದೆ. "ಏಪ ಬತ್ತಿನಿ?" ಯಾವಾಗ ಬಂದದ್ದು? ಅದಕ್ಕೆ ಉತ್ತರ ಮುಗಿಯುವ ಮೊದಲೇ ಎರಡನೆಯದು, "ಏಪ ಪೋಪಿನಿ?" ಹೋಗುವುದು ಯಾವಾಗ? ಧಾರವಾಡದ ಕಡೆಯಿಂದ ಬಂದ ನಮ್ಮ ಸೊಸೆಗೆ ಮೊದಲ ವರ್ಷ ಈ ಎರಡನೇ ಪ್ರಶ್ನೆಯಿಂದ ಬಹಳ ನೋವಾಗಿತ್ತು. "ಮಾವಾರ, ಇವರಿಗೆ ನಾವು ಬಂದದ್ದು ಬ್ಯಾಸರ ಏನು?" ಎಂದು ಕೇಳಿದ್ದಳು. ಬೇಸರವಲ್ಲ, ಕೇಳುವವರು ಲೆಕ್ಕ ಹಾಕುತ್ತಿದ್ದಾರೆ ಎಂದು ವಿವರಿಸಿದೆ. ತಮ್ಮ ಮನೆಗೆ ಕರೆಯಲು ಒಂದು ಹೊತ್ತು ಸಿಗುತ್ತದೋ ಇಲ್ಲವೋ, ಮಗಳ ಮದುವೆಯ ಕಾಗದ ಕೈಗೇ ಕೊಡಬಹುದೋ ಅಂಚೆಗೆ ಹಾಕಬೇಕೋ, ಗುಜ್ಜೆ ಕೊಯ್ದು ಕಳಿಸಬಹುದೋ ಎಂಬ ಲೆಕ್ಕ. ಈಚೆಗೆ ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತಿದೆ.

ಇನ್ನು ಶನಿವಾರ ಸಂಜೆಯ ಸಂಪುಟ ಸಭೆ. ಊಟದ ಮೇಜಿನ ಮೇಲೆ ಆಮಂತ್ರಣ ಪತ್ರಿಕೆಗಳನ್ನು ಹರಡಿ ನನ್ನ ಮಡದಿ ಅಧ್ಯಕ್ಷತೆ ವಹಿಸುತ್ತಾಳೆ. ಮಾರ್ಚ್, ಏಪ್ರಿಲ್, ಮೇ ತಿಂಗಳ ಯಾವುದೇ ಭಾನುವಾರಕ್ಕೆ ಕನಿಷ್ಠ ನಾಲ್ಕು ಪತ್ರಿಕೆಗಳಿರುತ್ತವೆ: ಬಂಟ್ವಾಳದಲ್ಲಿ ಒಂದು ಮದುವೆ, ಮೂಡುಬಿದಿರೆಯಲ್ಲಿ ಇನ್ನೊಂದು, ಮಡಂತ್ಯಾರಿನ ಬಳಿ ಗೃಹಪ್ರವೇಶ, ಬೆಳ್ತಂಗಡಿಯ ಕಡೆ ಒಂದು ಉತ್ತರಕ್ರಿಯೆ. ಕೆಲಸದ ಹಂಚಿಕೆ ಯಾವ ಜಿಲ್ಲಾಡಳಿತವೂ ನಾಚುವಷ್ಟು ಅಚ್ಚುಕಟ್ಟು. ಮಗ ಮತ್ತು ಸೊಸೆ ಮುಹೂರ್ತಕ್ಕೆ ಒಂದು ಕಡೆ, ಊಟಕ್ಕೆ ಇನ್ನೊಂದು ಕಡೆ. ನಾವು ಹಿರಿಯರು ಉತ್ತರಕ್ರಿಯೆಗೆ. ಅಲ್ಲಿಗೆ ಹೋದ ಮೇಲೆ ಮದುವೆಯ ಮನೆಗೆ ಹೋಗಲಾಗದು, ಆದ್ದರಿಂದ ಅದನ್ನು ಬೇರೆ ಕಾರಿಗೆ ವಹಿಸಬೇಕು. ಮೊಮ್ಮಗ ಯಾವ ಮನೆಯಲ್ಲಿ ಐಸ್‌ಕ್ರೀಮ್ ಇರುತ್ತದೋ ಅಲ್ಲಿಗೆ. ಸಭೆಯ ನಡಾವಳಿಗಳಿಗೆ ಮೇಲ್ಮನವಿ ಇಲ್ಲ.

ಆಮಂತ್ರಣದ ಕೊನೆಯಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಮುದ್ರಿಸುವುದು ನಮ್ಮ ಕಡೆ ಈಗ ಸಾಮಾನ್ಯ. ಲಕೋಟೆಯ ವ್ಯವಹಾರ ಹೀಗೆ ರದ್ದಾದ ಮೇಲೆ ಚಲಾವಣೆಯಲ್ಲಿ ಉಳಿದ ನಾಣ್ಯ ಒಂದೇ, ಹಾಜರಿ. ಯಾರ ಮನೆಯ ಯಾವ ಕಾರ್ಯಕ್ಕೆ ಯಾರು ಬಂದಿದ್ದರು, ಯಾರು ಬರಲಿಲ್ಲ, ಬಂದವರು ಊಟ ಮಾಡಿದರೋ ಬರೇ ಮುಖ ತೋರಿಸಿದರೋ ಎಂಬುದೆಲ್ಲ ಹೆಂಗಸರ ನೆನಪಿನಲ್ಲಿ ದಾಖಲಾಗಿರುತ್ತದೆ. ಸರ್ಕಾರಿ ಹಾಜರಿ ಪುಸ್ತಕವನ್ನು ನಾನು ಬಹಳ ವರ್ಷ ನೋಡಿದ್ದೇನೆ. ಅದರಲ್ಲಿ ಬೆಳಿಗ್ಗೆ ರುಜು ಹಾಕಿ ಕುರ್ಚಿಯ ಬೆನ್ನಿಗೆ ಕೋಟು ತೂಗುಹಾಕಿ ಹೊರಗೆ ಹೋಗಬಹುದು. ನನ್ನ ಮಡದಿಯ ಪುಸ್ತಕದಲ್ಲಿ ಆ ಸೌಲಭ್ಯವಿಲ್ಲ.

ಆದರೆ ಈ ನಾಣ್ಯದ ಮೌಲ್ಯ ಕುಸಿಯುತ್ತಿದೆ. ಕೆಟ್ಟ ಹಣವು ಒಳ್ಳೆಯ ಹಣವನ್ನು ಚಲಾವಣೆಯಿಂದ ಓಡಿಸುತ್ತದೆಂಬ ಗ್ರೆಶಾಮನ ನಿಯಮವನ್ನು ನಾವು ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಪ್ರತ್ಯಕ್ಷ ಪ್ರಮಾಣ ಸಿಕ್ಕಿದ್ದು ಬಂಟ್ವಾಳದ ಮದುವೆ ಮಂಟಪಗಳಲ್ಲಿ. ಹಿಂದೆ ಮದುವೆಗೆ ಹೋಗುವುದೆಂದರೆ ಮುನ್ನಾದಿನವೇ ಹೋಗಿ, ತೆಂಗಿನಕಾಯಿ ತುರಿದು, ತರಕಾರಿ ಹೆಚ್ಚಿ, ಬಡಿಸಿ, ಮಾರನೆಯ ದಿನ ಪಾತ್ರೆ ಎಣಿಸಿ ಕೊಟ್ಟು ಬರುವುದು. ಅದು ಪೂರ್ಣ ತೂಕದ ಹಾಜರಿ. ಈಗ ವೇದಿಕೆ ಹತ್ತಿ, ಛಾಯಾಚಿತ್ರಕ್ಕೆ ನಿಂತು, ಇಳಿದು, ಮುಂದಿನ ಮಂಟಪಕ್ಕೆ ಓಡುವ ಹತ್ತು ನಿಮಿಷದ ಹಾಜರಿ ಬಂದಿದೆ. ಎರಡಕ್ಕೂ ಪುಸ್ತಕದಲ್ಲಿ ಒಂದೇ ಗುರುತು ಬೀಳುವುದಾದರೆ ಪೂರ್ಣ ತೂಕದ್ದನ್ನು ಯಾರು ಚಲಾಯಿಸುತ್ತಾರೆ? ಹಾಗೆಂದು ಯಾರನ್ನೂ ದೂರುವಂತಿಲ್ಲ. ಗ್ಯಾರಿ ಬೆಕರ್ 1965ರಲ್ಲೇ ಮನೆಯೂ ಒಂದು ಸಣ್ಣ ಕಾರ್ಖಾನೆ, ಅದರ ಮುಖ್ಯ ಕಚ್ಚಾವಸ್ತು ಸಮಯ ಎಂದು ತೋರಿಸಿಕೊಟ್ಟಿದ್ದ. ಸಂಬಳ ಏರಿದಂತೆ ಆ ಕಚ್ಚಾವಸ್ತುವಿನ ಬೆಲೆಯೂ ಏರುತ್ತದೆ. ನಲವತ್ತೆಂಟು ಗಂಟೆಗಳಲ್ಲಿ ಅಪ್ಪ, ಅಮ್ಮ, ಅತ್ತೆ, ದೈವ, ದೇವರು, ನಾಲ್ಕು ಮದುವೆ, ಅಡಿಕೆ ಮಾರಿದ ಲೆಕ್ಕ ಎಲ್ಲವನ್ನೂ ಮುಗಿಸಬೇಕಾದವನು ಮಂಟಪದಲ್ಲಿ ಓಡದೆ ಏನು ಮಾಡಿಯಾನು?

ಬೇಡಿಕೆ ಹೀಗಿರುವಾಗ ಪೂರೈಕೆಯೂ ಹೊಂದಿಕೊಳ್ಳಬೇಕಲ್ಲ! ಹೊಂದಿಕೊಂಡಿದೆ. ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ವೇಳಾಪಟ್ಟಿಯಲ್ಲಿ ಹೊರೆಕಾಣಿಕೆಯಂತಹ ಜನ ಸೇರುವ ಕಾರ್ಯಕ್ರಮ ಭಾನುವಾರಕ್ಕೆ ಬರುವಂತೆ ಸಮಿತಿಯವರು ಜಾಣತನ ತೋರುತ್ತಾರೆ. ದಿನದ ಎಣಿಕೆಯಲ್ಲಿ ಒಂದೆರಡು ಆಚೀಚೆ ಮಾಡಿ ಉತ್ತರಕ್ರಿಯೆಯನ್ನೂ ಭಾನುವಾರಕ್ಕೆ ತರುವುದುಂಟು, ತೀರಿಕೊಂಡವರು ಆಕ್ಷೇಪಿಸುವುದಿಲ್ಲ. ಯಕ್ಷಗಾನ ಮೇಳಗಳಲ್ಲಿ ಕಾಲಮಿತಿಯ ಪ್ರಯೋಗ ಬಂದು, ಬೆಳಗಿನವರೆಗೆ ಕೂರಲಾಗದವರಿಗೂ ಮಂಗಳದ ಪದ್ಯ ಕೇಳಿ ಮನೆಗೆ ಹೋಗುವ ಭಾಗ್ಯ ದೊರೆತಿದೆ. ಇನ್ನು ಕಂಬಳ. ನವೆಂಬರಿನಿಂದ ವಸಂತದವರೆಗೆ ವಾರಕ್ಕೊಂದು ಊರಿನಂತೆ ಶನಿವಾರ ಆರಂಭವಾಗಿ ಭಾನುವಾರ ಮುಗಿಯುವ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ನಮಗೆ ಸಮೀಪದ ಹೊಕ್ಕಾಡಿಗೋಳಿಯಿಂದ ಹಿಡಿದು ಮೂಡುಬಿದಿರೆಯ ಕಡಲಕೆರೆಯವರೆಗೆ ಇದೇ ಕ್ರಮ. ಬೆಳೆಯ ಪಂಚಾಂಗದಲ್ಲಿದ್ದ ಕೋಣಗಳು ಕಚೇರಿಯ ಪಂಚಾಂಗಕ್ಕೆ ವರ್ಗಾವಣೆಗೊಂಡಿವೆ.

ವರ್ಗಾವಣೆ ಅಷ್ಟಕ್ಕೇ ನಿಲ್ಲಲಿಲ್ಲ. 2023ರ ನವೆಂಬರ್ 25 ಮತ್ತು 26ರಂದು ಕಂಬಳ ಬೆಂಗಳೂರಿನ ಅರಮನೆ ಮೈದಾನದಲ್ಲೇ ನಡೆಯಿತು. ಅದು ಶನಿವಾರ ಮತ್ತು ಭಾನುವಾರವೆಂದು ಬೇರೆ ಹೇಳಬೇಕಾಗಿಲ್ಲ. ಕರಾವಳಿಯ ಕೋಣಗಳು ಲಾರಿಗಳಲ್ಲಿ ಘಾಟಿ ಹತ್ತಿದವು. ಆ ವಾರ ನಮ್ಮ ಮಗ ಫೋನ್ ಮಾಡಿ, "ಅಪ್ಪಾ, ಈ ಸಲ ನಾವು ಊರಿಗೆ ಬರುವುದಿಲ್ಲ. ಕಂಬಳ ನೋಡಲಿಕ್ಕುಂಟು" ಎಂದ. ಊರಿನ ಕೋಣಗಳನ್ನು ನೋಡುವ ಸಲುವಾಗಿ ಊರಿಗೆ ಬರದೆ ಉಳಿಯುವ ಸಂದರ್ಭವನ್ನು ಬೆಕರ್ ಊಹಿಸಿರಲಿಕ್ಕಿಲ್ಲ. ವಾರಾಂತ್ಯದ ಪ್ರವಾಸ ಮುಗಿಸಿ ಕೋಣಗಳು ಕ್ಷೇಮವಾಗಿ ಮರಳಿದವು. ಅವಕ್ಕೂ "ಯಾವಾಗ ಬಂದದ್ದು" ಎಂದು ಯಾರಾದರೂ ಕೇಳಿರಬಹುದು.

ಹೀಗೆ ಬಂದವರಿಗೆ ಮದುವೆಯೂ ಕಂಬಳವೂ ಇಲ್ಲದ ಅಪರೂಪದ ಭಾನುವಾರವೊಂದು ಸಿಕ್ಕಿದರೆ ಅದಕ್ಕೂ ಒಂದು ಹೆಸರಿದೆ: "ಸುಮ್ಮನೆ ಸುತ್ತಾಡಿ ಬರೋಣ." ಕಳೆದ ಮಾಗಿಯಲ್ಲಿ ಅಂತಹದೊಂದು ಭಾನುವಾರ ಸೊಸೆ, ಮೊಮ್ಮಗ, ಮಗ, ಮಡದಿಯರೊಂದಿಗೆ ವೇಣೂರು, ಮೂಡುಬಿದಿರೆಗಳಿಗೆ ಹೊರಟೆವು. ಬುತ್ತಿಯಲ್ಲಿ ನೀರುದೋಸೆಯೂ ಇತ್ತು, ಸೊಸೆಯ ತವರಿನ ಶೇಂಗಾ ಚಟ್ನಿಪುಡಿಯೂ ಇತ್ತು. ಈ ಎರಡರ ಸಂಬಂಧ ಮೊದಲಿಗೆ ಬಿಗುವಾಗಿದ್ದು ಈಗ ಗಟ್ಟಿಯಾಗಿದೆ.

ವೇಣೂರಿನ ಗೊಮ್ಮಟನನ್ನು ಅಜಿಲ ಅರಸ ತಿಮ್ಮಣ್ಣ ಪ್ರತಿಷ್ಠಾಪಿಸಿದ್ದು 1604ರಲ್ಲಿ. ಕಾರ್ಕಳದ ಗೊಮ್ಮಟ ಅವನಿಗಿಂತ ಹಿರಿಯ, 1432ರವನು. ನಮ್ಮ ಊರಲ್ಲಿ ಒಬ್ಬನಿರುವಾಗ ಸಮೀಪದಲ್ಲೇ ಇನ್ನೊಬ್ಬನೇಕೆ ಎಂದು ಕಾರ್ಕಳದ ಅರಸರು ಅಡ್ಡಿಪಡಿಸಿದರು, ವೇಣೂರಿನವರು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿಕೊಂಡರು ಎಂಬ ಐತಿಹ್ಯವಿದೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ; ಕಳೆದದ್ದು 2024ರಲ್ಲಿ. ಮೊಮ್ಮಗ ತಲೆಯೆತ್ತಿ ಬಹಳ ಹೊತ್ತು ನೋಡಿ, "ಅಜ್ಜ, ಇವನು ಎಲ್ಲಿಗೂ ಹೋಗುವುದಿಲ್ಲವಾ?" ಎಂದು ಕೇಳಿದ. ಇಲ್ಲ ಎಂದೆ. "ಶನಿವಾರವೂ?" ಎಂದ. ಶನಿವಾರವೂ ಇಲ್ಲ. ನಾಲ್ಕು ಶತಮಾನಗಳಲ್ಲಿ ಒಂದು ಸಾಂದರ್ಭಿಕ ರಜೆಯನ್ನೂ ಹಾಕದ ನೌಕರ ನಮ್ಮ ಸೀಮೆಯಲ್ಲಿ ಅವನೊಬ್ಬನೇ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ತ್ರಿಭುವನ ತಿಲಕ ಚೂಡಾಮಣಿ ಎಂಬುದು ಅದರ ಪೂರ್ಣ ಹೆಸರು. ಊರಿನ ಹದಿನೆಂಟು ಬಸದಿಗಳಲ್ಲಿ ಹೊರಗಿನಿಂದ ಬಂದವರು ಸಾಮಾನ್ಯವಾಗಿ ನೋಡುವುದು ಇದೊಂದನ್ನೇ, ಏಕೆಂದರೆ ಸಮಯವಿರುವುದು ಒಂದಕ್ಕೇ. ಸಾವಿರ ಕಂಬಗಳೂ ನಿಜವಾಗಿ ಇವೆಯೇ ಎಂದು ಪರೀಕ್ಷಿಸಲು ಮೊಮ್ಮಗ ಹೊರಟ. ನೂರರ ಗಡಿ ದಾಟುವ ಮೊದಲೇ ಅವನಪ್ಪ ಗಡಿಯಾರ ನೋಡಿದ. ಸಂಜೆಯ ಬಸ್ಸಿಗೆ ಮೊದಲು ತೆಂಗಿನಕಾಯಿ ಸುಲಿದು, ಹಲಸಿನ ಹಪ್ಪಳ ಕಟ್ಟಿ, ಮಾವಿನ ಮಿಡಿಯ ಭರಣಿಯ ಬಾಯಿ ಬಿಗಿಯುವ ಕೆಲಸ ಬಾಕಿಯಿತ್ತು. "ಉಳಿದದ್ದು ಮುಂದಿನ ಸಲ" ಎಂದು ಎಣಿಕೆಯನ್ನು ಅಲ್ಲಿಗೆ ನಿಲ್ಲಿಸಲಾಯಿತು. ಹುಡುಗ ತಾನು ನಿಲ್ಲಿಸಿದ ಕಂಬವನ್ನು ಗುರುತಿಟ್ಟುಕೊಳ್ಳಲು ಅದನ್ನೊಮ್ಮೆ ತಬ್ಬಿ ಬಂದ.

ಇದಿಷ್ಟು ಭಾನುವಾರದ ಊರು. ಇನ್ನು ಉಳಿದ ದಿನಗಳ ಊರಿನ ಒಂದು ಪ್ರಸಂಗ ಹೇಳಬೇಕು.

ನಮ್ಮ ಮನೆಯಿಂದ ಎರಡು ತೋಟಗಳಾಚೆ ಒಬ್ಬ ಹಿರಿಯರಿದ್ದಾರೆ, ಒಂಟಿ. ಮೂವರು ಮಕ್ಕಳು ಮೂರು ಊರುಗಳಲ್ಲಿ. ಮಕ್ಕಳು ಒಳ್ಳೆಯವರು, ತಿಂಗಳಿಗೊಮ್ಮೆ ಸರದಿಯ ಮೇಲೆ ಯಾರಾದರೊಬ್ಬರು ಬಂದು ಹೋಗುತ್ತಾರೆ. ಔಷಧ ಅಂಚೆಯಲ್ಲಿ ಬರುತ್ತದೆ. ಅಂಗಳಕ್ಕೂ ಗೇಟಿಗೂ ಕ್ಯಾಮೆರಾ ಹಾಕಿಸಿದ್ದಾರೆ. ಅದು ಕಂಡದ್ದನ್ನು ಬೆಂಗಳೂರಿನಲ್ಲಿ ಕುಳಿತು ನೋಡಬಹುದು. ಎರಡು ವರ್ಷಗಳ ಹಿಂದೆ, ಸೆಪ್ಟೆಂಬರಿನ ಒಂದು ಮಂಗಳವಾರ, ಹಿರಿಯರು ತೋಟದ ಸಂಕ ದಾಟುವಾಗ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ತೋಟಕ್ಕೆ ಕ್ಯಾಮೆರಾ ಇರಲಿಲ್ಲ. ಕೂಗಿದರೆ ಕೇಳುವ ದೂರದಲ್ಲಿ ಯಾರೂ ಇರಲಿಲ್ಲ.

ಒಂಬತ್ತೂವರೆಗೆ ಮೀನಿನವನು ಬಂದ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ, ಹಾರ್ನ್ ಬಾರಿಸುತ್ತಾ ಮನೆಮನೆಗೆ ಬೂತಾಯಿ, ಬಂಗುಡೆ ತರುವವನು. ಆ ಮನೆಯ ಮುಂದೆ ಮೂರು ಸಲ ಬಾರಿಸಿದ. ಯಾರೂ ಬರಲಿಲ್ಲ. ಬೇರೆ ವ್ಯಾಪಾರಿಯಾಗಿದ್ದರೆ ಮುಂದೆ ಹೋಗುತ್ತಿದ್ದ. ಇವನಿಗೆ ಒಂದು ವಿಷಯ ತಿಳಿದಿತ್ತು: ಈ ಮನೆಯ ಯಜಮಾನರು ಮೀನು ಬೇಡದ ದಿನವೂ ಅದರ ಬೆಲೆ ಕೇಳಿ ಬೈಯಲಿಕ್ಕಾದರೂ ಗೇಟಿಗೆ ಬರುತ್ತಾರೆ. ಬೈಗುಳ ಕೇಳಿಸದ್ದರಿಂದ ಅವನಿಗೆ ಸಂಶಯ ಬಂತು. ಗೇಟು ತೆರೆದು, ಮನೆ ಸುತ್ತಿ, ತೋಟಕ್ಕೆ ಇಳಿದ. ಅದೇ ಗಳಿಗೆಯಲ್ಲಿ ಬೆಂಗಳೂರಿನಲ್ಲಿ ಸಭೆಯಲ್ಲಿದ್ದ ಮಗನ ಫೋನಿಗೆ ಎಚ್ಚರಿಕೆ ಹೋಯಿತು: ಅಪರಿಚಿತನೊಬ್ಬ ಆವರಣ ಪ್ರವೇಶಿಸಿದ್ದಾನೆ! ಅಪ್ಪ ಬಿದ್ದದ್ದನ್ನು ಕಾಣದ ಯಂತ್ರ ಅಪ್ಪನನ್ನು ಎತ್ತಲು ಬಂದವನನ್ನು ಕಳ್ಳನೆಂದು ವರದಿ ಮಾಡಿತ್ತು.

ಮೀನಿನವನು ಫೋನ್ ಮಾಡಿದ್ದು ಆಟೋರಿಕ್ಷಾದವನಿಗೆ. ರಿಕ್ಷಾದವನು ದಾರಿಯಲ್ಲಿ ಕೂಗಿ ಕರೆದದ್ದು ಪಕ್ಕದ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಇಬ್ಬರನ್ನು. ಹಳೆಯ ಬಾಗಿಲಿನ ಹಲಗೆಯೊಂದರ ಮೇಲೆ ಮಲಗಿಸಿ ರಸ್ತೆಗೆ ತಂದರು. ಆಂಬುಲೆನ್ಸಿನಲ್ಲಿ ಜೊತೆಗೆ ಕುಳಿತದ್ದು ನನ್ನ ಮಡದಿ. ಮಂಗಳೂರಿನ ಆಸ್ಪತ್ರೆಯಲ್ಲಿ "ರೋಗಿಗೆ ಏನು ಸಂಬಂಧ?" ಎಂದು ಕೇಳಿದಾಗ ಅವಳು "ನೆರೆಮನೆ" ಎಂದಳಂತೆ. ಆ ನಮೂನೆಯಲ್ಲಿ ನೆರೆಮನೆಗೆ ಅಂಕಣವಿರಲಿಲ್ಲ. ತಂಗಿ ಎಂದು ಬರೆದುಕೊಂಡರು. ಆ ಸಂಬಂಧ ಇಂದಿಗೂ ಊರ್ಜಿತದಲ್ಲಿದೆ; ಕಳೆದ ದೀಪಾವಳಿಗೆ ಹಿರಿಯರು ಅವಳಿಗೆ ಸೀರೆ ಕಳುಹಿಸಿದರು.

ಬೆಂಗಳೂರಿನ ಮಗ ಅದೇ ರಾತ್ರಿ ಬಂದ. ಉಳಿದಿಬ್ಬರು ಗುರುವಾರ ಮತ್ತು ಶನಿವಾರ. ಭಾನುವಾರ ನೋಡಲು ಬಂದವರು ಎಷ್ಟೆಂದರೆ ದಾದಿಯೊಬ್ಬಳು ಬಾಗಿಲಲ್ಲಿ ನಿಂತು ಸಾಲು ಮಾಡಿಸಬೇಕಾಯಿತು. ಹಣ್ಣಿನ ಚೀಲಗಳನ್ನು ಇಡಲು ಪಕ್ಕದ ಮಂಚದವರು ಜಾಗ ಕೊಟ್ಟರು. ಹಿರಿಯರು ಈಗ ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾರೆ, ಬೆಲೆ ಕೇಳಿ ಬೈಯುತ್ತಾರೆ. "ಭಾನುವಾರ ಊರಿಡೀ ಬಂದಿತ್ತು ಮಾರಾಯ್ರೇ. ಮಂಗಳವಾರ ಬಂದದ್ದು ಇವನೊಬ್ಬ" ಎಂದು ಅವರು ಒಮ್ಮೆ ನನ್ನ ಮುಂದೆ ಹೇಳಿದಾಗ ಮೀನಿನವನು ತಕ್ಕಡಿಯಿಂದ ಕಣ್ಣೆತ್ತದೆ ಉತ್ತರಿಸಿದ: "ಹಿಂದಿನ ಲೆಕ್ಕ ಬಾಕಿ ಉಂಟಲ್ಲ ಧನಿ, ಬಾರದೆ ಏನು ಮಾಡುವುದು!"

ಆ ಬಾಕಿ ಲೆಕ್ಕವೇ ನನ್ನ ಮಾತಿನ ತಿರುಳು. ಮೀನಿನವನ ಬಾಕಿ, ರಿಕ್ಷಾದವನ ಬಾಡಿಗೆ, ಅಡಿಕೆ ಸುಲಿಯುವವರ ಮುಂಗಡ, ನೆರೆಮನೆಯಿಂದ ಸಾಲ ತಂದ ಅಳತೆ ಅಕ್ಕಿ ಇವೆಲ್ಲ ವಾರದ ಐದು ದಿನಗಳಲ್ಲಿ ಹುಟ್ಟುವ ಲೆಕ್ಕಗಳು. ಇವು ತೀರಿಯೂ ತೀರದೆ ಉಳಿಯುವುದರಿಂದಲೇ ಒಬ್ಬರ ಗೇಟಿನ ಮುಂದೆ ಇನ್ನೊಬ್ಬರು ಎರಡನೇ ಸಲ, ಮೂರನೇ ಸಲ ಹಾರ್ನ್ ಬಾರಿಸುತ್ತಾರೆ. ಶನಿವಾರ ಬರುವ ಮಕ್ಕಳು ಎಲ್ಲವನ್ನೂ ಫೋನಿನಲ್ಲೇ ಕ್ಷಣದಲ್ಲಿ ಪಾವತಿ ಮಾಡಿ, ಯಾರ ಹಂಗೂ ಉಳಿಯದಂತೆ ಚೊಕ್ಕಟ ಮಾಡಿ ಹೋಗುತ್ತಾರೆ. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಆದರೆ ಬಾಕಿಯಿಲ್ಲದ ಊರಿನಲ್ಲಿ ಯಾರು ಯಾರನ್ನು ಹುಡುಕಿಕೊಂಡು ಬರುತ್ತಾರೆ?

ಎಲ್ಲ ಕಾರ್ಯಗಳೂ ಭಾನುವಾರಕ್ಕೆ ಬಗ್ಗಿದ ಮೇಲೂ ಬಗ್ಗದ ಕೆಲವು ಉಳಿದಿವೆ. ನಾಗರಪಂಚಮಿ ಶ್ರಾವಣ ಶುದ್ಧ ಪಂಚಮಿಗೇ ಬರುತ್ತದೆ. ಅದು ಸೋಮವಾರವೇ ಆಗಿರಲಿ, ಗುರುವಾರವೇ ಆಗಿರಲಿ, ಕುಟುಂಬದ ನಾಗಬನಕ್ಕೆ ತನು ಎರೆಯಲು ಬರಬೇಕಾದವರು ಆ ದಿನವೇ ಬರಬೇಕು. ಪತ್ತನಾಜೆ ಬೇಶ ತಿಂಗಳ ಹತ್ತನೆಯ ದಿನವೇ; ಅಂದಿಗೆ ನೇಮಗಳು ನಿಂತು ಮೇಳಗಳ ಗೆಜ್ಜೆ ಬಿಚ್ಚಬೇಕು. ಸಾವು ಯಾವ ಸಮಿತಿಯ ವೇಳಾಪಟ್ಟಿಗೂ ಒಪ್ಪಿಲ್ಲ. ಜಾರುವ ಸಂಕ ವಾರ ನೋಡುವುದಿಲ್ಲ. ಇವಕ್ಕೆಲ್ಲ ಬೇಕಾಗುವುದು ವಾರದ ನಡುವಿನ ದಿನ.

ಈ ದೃಷ್ಟಿಯಿಂದ 2019ರ ಒಂದು ಸರ್ಕಾರಿ ಆದೇಶ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಆ ವರ್ಷ ರಾಜ್ಯ ಸರ್ಕಾರ ನೌಕರರಿಗೆ ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವನ್ನೂ ರಜೆಯೆಂದು ಘೋಷಿಸಿತು. ಬದಲಿಗೆ ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಹನ್ನೆರಡು ಶನಿವಾರ ಸೇರಿತು, ಐದು ಬಿಡಿ ದಿನ ಹೋಯಿತು, ನಿವ್ವಳ ಲಾಭ ಏಳು ದಿನ. ಕೂಡು, ಕಳೆ ಲೆಕ್ಕದಲ್ಲಿ ನೌಕರನಿಗೆ ಅನುಕೂಲವೇ. ಆದರೆ ಎಲ್ಲ ದಿನಗಳೂ ಒಂದೇ ಬೆಲೆಯವಲ್ಲ. ಶನಿವಾರ ಎಲ್ಲರಿಗೂ ಒಟ್ಟಿಗೆ ಸಿಗುವ, ಆದ್ದರಿಂದ ಎಲ್ಲರೂ ಒಟ್ಟಿಗೆ ಮುಗಿಸುವ ದಿನ. ಸಾಂದರ್ಭಿಕ ರಜೆ ಸಂದರ್ಭ ಬಂದಾಗ ಚೀಟಿ ಬರೆದಿಟ್ಟು ಓಡಲಿಕ್ಕಿರುವ ದಿನ. ಅಪ್ಪನಿಗೆ ಜ್ವರ ಬಂದ ಬುಧವಾರಕ್ಕೆ ನಾಲ್ಕನೇ ಶನಿವಾರ ಪರ್ಯಾಯವಾಗದು.

ನಿವೃತ್ತರಾದ ನಮಗೂ ಒಂದು ಹಾಜರಿಯಿದೆ. ಪ್ರತಿ ನವೆಂಬರಿನಲ್ಲಿ ನಾವು ಬದುಕಿದ್ದೇವೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕು. 2014ರಿಂ "ಜೀವನ್ ಪ್ರಮಾಣ್" ಎಂಬ ಡಿಜಿಟಲ್ ವ್ಯವಸ್ಥೆಯೂ ಬಂದಿದೆ. ಅದರಲ್ಲಿ ಬೆರಳೊತ್ತಿದರೆ ಬದುಕಿರುವುದು ಸಾಬೀತು. ಖಜಾನೆಗೆ ವರ್ಷಕ್ಕೊಂದು ಬೆರಳು ಸಾಕು. ಮಕ್ಕಳಿಗೆ ತಿಂಗಳಿಗೊಂದು ಭಾನುವಾರ ಸಾಕಾಗುತ್ತದೆ. ಊರಿನ ಜೀವಿತ ಪ್ರಮಾಣಪತ್ರ ಮಾತ್ರ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ನವೀಕರಣವಾಗಬೇಕು.

ಆದ್ದರಿಂದ ಒಂದು ಸಣ್ಣ ಪ್ರಸ್ತಾವ. ಹಣಕಾಸಿನ ಹೊರೆಯಿಲ್ಲ, ಸಂಪುಟದ ಅನುಮೋದನೆ ಬೇಕಿಲ್ಲ. ಹೊರಗಿರುವ ನಮ್ಮ ಮಕ್ಕಳು ವರ್ಷದಲ್ಲಿ ಎರಡು ಸಲ, ಮದುವೆ, ಮುಂಜಿ, ನೇಮ, ಕಂಬಳ ಯಾವುದೂ ಇಲ್ಲದ ಒಂದು ಬುಧವಾರ ಮನೆಯಲ್ಲಿ ಇರಲಿ. ಏನೂ ಮಾಡಬೇಕಾಗಿಲ್ಲ. ಬಾವಿಯ ಪಂಪು ಯಾವ ಬದಿಗೆ ಒದ್ದರೆ ಚಾಲೂ ಆಗುತ್ತದೆ, ಅಮ್ಮ ಯಾವ ಮಾತ್ರೆಯನ್ನು ನುಂಗದೆ ಡಬ್ಬಿಯ ಹಿಂದೆ ಇಡುತ್ತಾಳೆ, ರಿಕ್ಷಾದವನ ಮಗಳು ಯಾವ ತರಗತಿ, ಅಡಿಕೆ ಸುಲಿಯುವವರು ಮಧ್ಯಾಹ್ನ ಯಾರ ಜಗಲಿಯಲ್ಲಿ ಒರಗುತ್ತಾರೆ ಎಂಬುದನ್ನು ನೋಡಿದರೆ ಸಾಕು. ನಮ್ಮ ಮಗನ ಮುಂದೆ ಇದನ್ನು ಮಂಡಿಸಿದಾಗ ಅವನು, "ಬುಧವಾರ ಬಂದರೆ ಮಾಡಲಿಕ್ಕೆ ಎಂತ ಉಂಟಪ್ಪಾ?" ಎಂದ. ಕಂಬ ಎಣಿಸಬಹುದು, ಇನ್ನೂ ಒಂಬೈನೂರು ಬಾಕಿಯಿವೆ ಎಂದು ಮೊಮ್ಮಗ ಒಳಗಿನಿಂದ ಕೂಗಿದ. ಪ್ರಸ್ತಾವ ಸದ್ಯ ಪರಿಶೀಲನೆಯಲ್ಲಿದೆ. ಸರ್ಕಾರಿ ಭಾಷೆಯಲ್ಲಿ ಆ ಮಾತಿನ ಅರ್ಥವೇನೆಂದು ನನಗೆ ಗೊತ್ತಿದ್ದರೂ ಆಶಾವಾದಿಯಾಗಿದ್ದೇನೆ.

ಬರುವವರ ಅನುಕೂಲಕ್ಕಾಗಿ ಒಂದು ಸೂಚನೆ. ಮೀನಿನವನು ಬರುವುದು ಒಂಬತ್ತೂವರೆಗೆ. ಹಾರ್ನ್ ಕೇಳಿದ ಕೂಡಲೇ ಗೇಟಿಗೆ ಹೋಗಬೇಕು. ಮೀನು ಬೇಡದಿದ್ದರೂ ಬೆಲೆ ಕೇಳಬೇಕು. ಕೊಂಡರೆ ಹತ್ತೋ ಇಪ್ಪತ್ತೋ ರೂಪಾಯಿ ಬಾಕಿ ಉಳಿಸಿಯೇ ಕಳುಹಿಸಬೇಕು.